ಎಸ್‌.ಪಿ. ರೋಡಿನ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್: ದುಡ್ಡು ಕೊಡೋ ಮೊದಲು ನೆಟ್ ಹಾಕಿಸಿ ನೋಡಿ

ಸ್ಟಾರ್ ಎಷ್ಟು ಅಂತ ಮೊದಲೇ ಹೇಳಿಬಿಡುತ್ತೇನೆ. ಈಗ ಮಗಳ ಕೈಯಲ್ಲಿರುವ ಲೆನೋವೋದ ಥಿಂಕ್‌ಪ್ಯಾಡ್ ಟಿ480ಗೆ ಐದಕ್ಕೆ ನಾಲ್ಕು. ಅದನ್ನು ಕೊಟ್ಟ ಅಂಗಡಿಗೆ ಎರಡೂವರೆ. ಆ ಅರ್ಧ ಯಾಕೆ ಅಂದರೆ, ನಾನು ಜಗಳಕ್ಕೆ ಅಂತಲೇ ಹೋದ ದಿನವೂ ಕೂರಿಸಿ ಕಾಫಿ ತರಿಸಿದರು. ಅಂಗಡಿಯ ಹೆಸರು ಬರೆಯುವುದಿಲ್ಲ. ಅಲ್ಲಿ ಆದದ್ದು ಪಕ್ಕದ ಅಂಗಡಿಯಲ್ಲೂ ಆಗಬಹುದಿತ್ತು.

ನನ್ನದು ತಿಪಟೂರಿನಲ್ಲಿ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಪಹಣಿ, ಆಧಾರ್ ಪ್ರಿಂಟು, ಮಕ್ಕಳ ಪ್ರಾಜೆಕ್ಟು. ದಿನವಿಡೀ ಕಂಪ್ಯೂಟರ್ ಮುಂದೆಯೇ ಇರುತ್ತೇನೆ, ಆದರೆ ನುಡಿ ಮತ್ತು ಪೇಜ್‌ಮೇಕರ್ ಬಿಟ್ಟರೆ ಅದರ ಹೊಟ್ಟೆಯೊಳಗೆ ಏನಿದೆ ಅಂತ ತಲೆ ಕೆಡಿಸಿಕೊಂಡವಳಲ್ಲ. ಮಗಳು ಬಿಸಿಎ ಸೇರಿದಳು, ಲ್ಯಾಪ್‌ಟಾಪ್ ಬೇಕು ಅಂದಳು. ಹೊಸದಕ್ಕೆ ನಲವತ್ತು ಸಾವಿರದ ಮೇಲೆ. ನನ್ನ ಹತ್ತಿರ ಇದ್ದದ್ದು ಇಪ್ಪತ್ತೆರಡು.

ಅಕ್ಕನ ಮಗ ವೈಟ್‌ಫೀಲ್ಡಿನ ಒಂದು ಕಂಪನಿಯಲ್ಲಿ ಡೆಸ್ಕ್‌ಟಾಪ್ ಸಪೋರ್ಟ್‌ನಲ್ಲಿದ್ದಾನೆ. ಅವನಿಗೆ ಫೋನ್ ಮಾಡಿದೆ. "ಚಿಕ್ಕಮ್ಮ, ಪ್ರೊಸೆಸರ್ ಎಂಟನೇ ಜನರೇಷನ್‌ಗಿಂತ ಕೆಳಗಿಂದು ತಗೋಬೇಡಿ. ವಿಂಡೋಸ್ 10ಗೆ 2025ರ ಅಕ್ಟೋಬರ್ 14ಕ್ಕೇ ಮೈಕ್ರೋಸಾಫ್ಟ್‌ನವರು ಸಪೋರ್ಟ್ ನಿಲ್ಲಿಸಿದಾರೆ. ಇಂಟೆಲ್‌ನಲ್ಲಿ ವಿಂಡೋಸ್ 11 ಸರಿಯಾಗಿ ಹಾಕಬೇಕು ಅಂದ್ರೆ ಎಂಟನೇ ಜನರೇಷನ್ನಾದ್ರೂ ಬೇಕು" ಅಂದ. ಅಷ್ಟು ಬರೆದುಕೊಂಡು, ಬೆಳಗಿನ ರೈಲು ಹಿಡಿದು ಮೆಜೆಸ್ಟಿಕ್‌ಗೆ ಬಂದು, ಅಲ್ಲಿಂದ ಟೌನ್‌ಹಾಲ್ ಹತ್ತಿರದ ಸಾದರ ಪತ್ರಪ್ಪ ರಸ್ತೆಗೆ ಹೋದೆ. ಆ ಪೂರ್ತಿ ಹೆಸರು ಹೇಳಿದರೆ ಆಟೋದವನೂ ಒಂದು ಕ್ಷಣ ಯೋಚಿಸುತ್ತಾನೆ, ಎಸ್‌.ಪಿ. ರೋಡ್ ಅಂದರೆ ಎಲ್ಲರಿಗೂ ಗೊತ್ತು.

ತೆಂಗಿನ ಊರಿನವಳು ನಾನು. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿದ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಉಂಡೆ ಕೊಬ್ಬರಿ ಬಿಟ್ಟುಕೊಂಡಿದೆಯೋ ಇಲ್ಲವೋ ಗೊತ್ತಾಗುತ್ತದೆ. ಲ್ಯಾಪ್‌ಟಾಪನ್ನೂ ನನಗೆ ತಿಳಿದ ಮಟ್ಟಿಗೆ ಹಾಗೇ ಅಲ್ಲಾಡಿಸಿ ನೋಡಿದೆ. ಎಲ್ಲ ಕೀಲಿ ಒತ್ತಿ ಟೈಪ್ ಮಾಡಿದೆ. ಕ್ಯಾಮೆರಾ, ಸ್ಪೀಕರ್, ಹಿಂಜ್, ಚಾರ್ಜರ್ ನೋಡಿದೆ. ಇಪ್ಪತ್ತೊಂದೂವರೆ ಸಾವಿರಕ್ಕೆ ಬೆಳ್ಳಿ ಬಣ್ಣದ ತೆಳ್ಳನೆಯ ಮಿಷಿನ್, ಹದಿನಾರು ಜಿಬಿ ರ‍್ಯಾಮ್. ಬ್ರ್ಯಾಂಡ್ ಹೇಳುವುದಿಲ್ಲ, ಮುಂದೆ ಆದದ್ದಕ್ಕೂ ಮಾಡಿದ ಕಂಪನಿಗೂ ಸಂಬಂಧವಿಲ್ಲ. ಬಿಲ್ಲಿನಲ್ಲಿ "ಲ್ಯಾಪ್‌ಟಾಪ್ – 1" ಅಂತ ಬರೆದುಕೊಟ್ಟರು. ಸೀರಿಯಲ್ ನಂಬರ್ ಇರಲಿಲ್ಲ. ನಾನೂ ಕೇಳಲಿಲ್ಲ.

ನಮ್ಮ ಹುಡುಗ, ಅದೇ ಅಕ್ಕನ ಮಗ, ಒಂದು ಮಾತು ಹೇಳಿದ್ದ. "ಆಫೀಸಿಂದ ಬಂದ ಮಿಷಿನ್ ಆಗಿರುತ್ತೆ. ಕಂಪನಿ ಹಿಡಿತ ಬಿಟ್ಟಿದೆಯಾ ನೋಡ್ಕೊಳ್ಳಿ." ಅದನ್ನೂ ನೋಡಿದೆ. ಅಂಗಡಿಯಲ್ಲೇ ನಿಂತು ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್‌ಗೆ ಹೋಗಿ "ಆಕ್ಸೆಸ್ ವರ್ಕ್ ಆರ್ ಸ್ಕೂಲ್" ತೆರೆದೆ. ಖಾಲಿ. ಆಮೇಲೆ ಅವನು ಫೋನಿನಲ್ಲೇ ಒಂದೊಂದು ಅಕ್ಷರವಾಗಿ ಹೇಳಿಸಿದ: ಕಮಾಂಡ್ ಪ್ರಾಂಪ್ಟ್ ಅನ್ನೋ ಕಪ್ಪು ಕಿಟಕಿ ತೆಗೀರಿ, ಡಿ-ಎಸ್-ಆರ್-ಇ-ಜಿ-ಸಿ-ಎಂ-ಡಿ, ಒಂದು ಸ್ಪೇಸು, ಸ್ಲ್ಯಾಶು, ಸ್ಟೇಟಸ್, ಎಂಟರ್. ಅಜೂರ್ ಎಡಿ ಜಾಯಿನ್ಡ್, ನೋ. ಡೊಮೇನ್ ಜಾಯಿನ್ಡ್, ನೋ. ಎರಡು "ನೋ" ನೋಡಿ ನೆಮ್ಮದಿಯಾಗಿ ದುಡ್ಡು ಕೊಟ್ಟು, ಮಾರ್ಕೆಟ್ಟಿನಲ್ಲಿ ಹೂವು ಕೊಂಡು ಊರಿಗೆ ಬಂದೆ.

ಐದು ವಾರ ಏನೂ ತೊಂದರೆಯಿಲ್ಲ. ಆಮೇಲೆ ಮಗಳ ಸ್ನೇಹಿತೆಯೊಬ್ಬಳು, ಏನೋ ಸಾಫ್ಟ್‌ವೇರ್ ಹಾಕಲು ಹೋಗಿ ಅದು ಮುಷ್ಕರ ಹೂಡಿದಾಗ, "ಒಂದ್ಸಲ ರೀಸೆಟ್ ಮಾಡಿಬಿಡೋಣ" ಅಂತ ಪೂರ್ತಿ ಅಳಿಸಿದಳು. ವಿಂಡೋಸ್ ಹೊಸದಾಗಿ ಎದ್ದಿತು, ದೇಶ ಕೇಳಿತು, ಕೀಬೋರ್ಡ್ ಕೇಳಿತು, ವೈಫೈ ಕೇಳಿತು. ವೈಫೈ ಕೊಟ್ಟರು. ಒಂದೆರಡು ನಿಮಿಷ ಚಕ್ರ ತಿರುಗಿತು. ಆಮೇಲೆ ಮಗಳ ಫೋನು.

"ಅಮ್ಮಾ, ಲ್ಯಾಪ್‌ಟಾಪು ನನ್ನನ್ನ ಕೆಲಸಕ್ಕೆ ಸೇರಿಸ್ಕೊಂಡಿದೆ!"

ಅವಳು ಕಳಿಸಿದ ಫೋಟೋ ಈಗಲೂ ನನ್ನ ಹತ್ತಿರ ಇದೆ. ಬಿಳಿ ಪರದೆ, ಎಡಗಡೆ ಒಂದು ಕಂಪನಿಯ ಲೋಗೋ. ಇಂಥ ಕಂಪನಿಗೆ ಸ್ವಾಗತ ಅನ್ನುವ ಸಾಲು, ಅದರ ಕೆಳಗೆ ಆ ಕಂಪನಿಯ ಇಮೇಲ್ ಹಾಕಲು ಒಂದು ಡಬ್ಬಿ, "ನೆಕ್ಸ್ಟ್" ಬಟನ್. ಬೇಡ ಅನ್ನುವುದಕ್ಕೆ ಜಾಗವಿಲ್ಲ. ಆಫ್ ಮಾಡಿ ಆನ್ ಮಾಡಿದರೂ ಅದೇ. ನಾನು ವೈರಸ್ಸೇ ಇರಬೇಕು ಅಂದುಕೊಂಡೆ. ಅಕ್ಕನ ಮಗ ಫೋಟೋ ನೋಡಿ ಉದ್ದಕ್ಕೆ "ಅಯ್ಯೋ" ಅಂದ. "ಚಿಕ್ಕಮ್ಮ, ಇದು ಆಟೋಪೈಲಟ್."

ಅವನು ಹೇಳಿದ್ದನ್ನು ನನ್ನ ಭಾಷೆಯಲ್ಲಿ ಹೇಳುತ್ತೇನೆ, ಯಾಕೆಂದರೆ ಇಡೀ ವಿಷಯ ಇರುವುದು ಇಲ್ಲೇ. ದೊಡ್ಡ ಕಂಪನಿಗಳು ನೂರಾರು ಲ್ಯಾಪ್‌ಟಾಪ್ ಕೊಳ್ಳುತ್ತವೆ. ಒಂದೊಂದನ್ನೂ ತೆಗೆದು ಕೂತು ಸೆಟಪ್ ಮಾಡುವವರು ಯಾರು? ಅದಕ್ಕೆ ಮೈಕ್ರೋಸಾಫ್ಟ್‌ನವರು ವಿಂಡೋಸ್ ಆಟೋಪೈಲಟ್ ಅಂತ ಒಂದು ವ್ಯವಸ್ಥೆ ಮಾಡಿದ್ದಾರೆ. ಪ್ರತಿ ಮಿಷಿನ್ನಿನ ಸೀರಿಯಲ್ ನಂಬರ್, ಬೋರ್ಡಿನ ಗುರುತು, ಒಳಗಿನ ಭದ್ರತಾ ಚಿಪ್ಪಿನ ಗುರುತು ಎಲ್ಲ ಸೇರಿಸಿ "ಹಾರ್ಡ್‌ವೇರ್ ಹ್ಯಾಶ್" ಅನ್ನುವ ಒಂದು ಉದ್ದದ ಸಾಲು ಮಾಡುತ್ತಾರೆ. ಅದು ಕಂಪನಿಯ ಹೆಸರಿನಲ್ಲಿ ಮೈಕ್ರೋಸಾಫ್ಟ್‌ನ ಸರ್ವರಿನಲ್ಲಿ ದಾಖಲಾಗುತ್ತದೆ. ಆಮೇಲೆ ಆ ಮಿಷಿನ್ ಯಾವಾಗ ಹೊಸದಾಗಿ ಎದ್ದು ನೆಟ್ ಮುಟ್ಟಿದರೂ, "ನಾನು ಯಾರವನು?" ಅಂತ ಮೊದಲು ಅಲ್ಲಿ ಕೇಳುತ್ತದೆ. "ನೀನು ಇಂಥವರವನು" ಅಂತ ಉತ್ತರ ಬಂದರೆ ಆ ಬಿಳಿ ಪರದೆ.

ನನಗೆ ತಕ್ಷಣ ಹೊಳೆದದ್ದು ಪಹಣಿ. ನನ್ನ ಅಂಗಡಿಗೆ ದಿನಕ್ಕೆ ಹತ್ತು ಜನ ಪಹಣಿ ತೆಗೆಸಲು ಬರುತ್ತಾರೆ. ಜಮೀನು ಉಳುತ್ತಿರುವವನು ಒಬ್ಬ, ಪಹಣಿಯಲ್ಲಿ ಹೆಸರು ಇನ್ನೊಬ್ಬನದು. ಬೇಲಿ ಹಾಕಿದರೂ, ಬೋರು ಕೊರೆಸಿದರೂ, ಮನೆ ಕಟ್ಟಿ ಸುಣ್ಣ ಬಳಿದರೂ ಪಹಣಿಯಲ್ಲಿನ ಹೆಸರು ಅಲ್ಲಾಡುವುದಿಲ್ಲ. ಇಲ್ಲೂ ಅದೇ ಕತೆ. ವಿಂಡೋಸ್ ಅಳಿಸಿ ಹಾಕುವುದು ಸುಣ್ಣ ಬಳಿದ ಹಾಗೆ. ಎಸ್‌ಎಸ್‌ಡಿ ಬದಲಿಸುವುದು ಬಾಗಿಲು ಬದಲಿಸಿದ ಹಾಗೆ. ಖಾತೆ ಬದಲಾವಣೆ ಮಾಡಿಕೊಡಬೇಕಾದದ್ದು ಮಿಷಿನ್ ಮಾರಿದ ಕಂಪನಿ. ಅವರು ತಮ್ಮ ಪಟ್ಟಿಯಿಂದ ಅದನ್ನು ತೆಗೆದರೆ ಮಾತ್ರ ಆ ಪರದೆ ಹೋಗುತ್ತದೆ.

"ಹಾಗಾದ್ರೆ ಅವತ್ತು ನೋ ಅಂತ ಎರಡು ಸಲ ಬಂತಲ್ಲಪ್ಪಾ?" ಅಂದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ, ಆಮೇಲೆ ತಪ್ಪು ಒಪ್ಪಿಕೊಂಡ. ಆ ಕಮಾಂಡ್ ಹೇಳುವುದು ಈಗ ಕೂತಿರುವ ವಿಂಡೋಸ್ ಯಾವುದಾದರೂ ಸಂಸ್ಥೆಗೆ ಸೇರಿಕೊಂಡಿದೆಯೇ ಅಂತ ಮಾತ್ರ. ಯಜಮಾನ ಈಗ ಮನೆಯಲ್ಲಿ ವಾಸವಾಗಿದ್ದಾನೆಯೇ ಅಂತ ಕೇಳಿದ ಹಾಗೆ. ಇಲ್ಲ ಅಂದರೆ ಇಲ್ಲ. ಆದರೆ ಖಾತೆ ಯಾರ ಹೆಸರಲ್ಲಿದೆ ಅನ್ನುವುದು ಬೇರೆ ಪ್ರಶ್ನೆ, ಅದಕ್ಕೆ ಉತ್ತರ ಆ ಕಪ್ಪು ಕಿಟಕಿಯಲ್ಲಿ ಇಲ್ಲ. ಅಂಗಡಿಯವರು ನೆಟ್ ಕೊಡದೆ ವಿಂಡೋಸ್ ಹಾಕಿ, ಒಂದು ಲೋಕಲ್ ಅಕೌಂಟ್ ಮಾಡಿ, ಮೇಜಿನ ಮೇಲೆ ಇಟ್ಟಿದ್ದರು. ಸೆಟಪ್ ಹೊತ್ತಿನಲ್ಲಿ ನೆಟ್ ಮುಟ್ಟದಿದ್ದರೆ ಅದು ಯಾರನ್ನೂ ಏನೂ ಕೇಳುವುದಿಲ್ಲ. ಆಮೇಲೆ ಐದು ವಾರ ಮಗಳು ನೆಟ್ ಬಳಸಿದ್ದರೂ ಏನೂ ಆಗಲಿಲ್ಲ, ಯಾಕೆಂದರೆ ಅದು ಕೇಳುವುದು ಹೊಸದಾಗಿ ಎದ್ದಾಗಲೇ.

ಇದರಲ್ಲಿ ಕಂಪನಿಯವರದು ಯಾವಾಗಲೂ ದುರುದ್ದೇಶ ಅಂತಲ್ಲ ಅನ್ನುತ್ತಾನೆ ಇವನು. ಅವರಲ್ಲಿ ಎರಡು ರಿಜಿಸ್ಟರು ಇರುತ್ತವಂತೆ. ದಿನನಿತ್ಯ ಮಿಷಿನ್‌ಗಳನ್ನು ನೋಡಿಕೊಳ್ಳುವ ಇಂಟ್ಯೂನ್ ಪಟ್ಟಿ ಒಂದು, ಈ ಆಟೋಪೈಲಟ್ ದಾಖಲೆ ಇನ್ನೊಂದು. ಹಳೆ ಮಿಷಿನ್ ಹೊರಗೆ ಹೋಗುವಾಗ ಮೊದಲನೆಯದರಲ್ಲಿ ಅಳಿಸಿ, ಎರಡನೆಯದನ್ನು ಮರೆತುಬಿಡುತ್ತಾರೆ. "ನಾನೂ ಒಂದ್ಸಲ ಮರೆತಿದೀನಿ ಚಿಕ್ಕಮ್ಮ" ಅಂದ. ಆ ಮಿಷಿನ್ ಯಾವ ತಾಯಿಗೆ ಹೋಯಿತೋ.

ಇನ್ನು ಕಳ್ಳತನದ ಮಾಲಾಗಿದ್ದರೆ? ಆ ಪರದೆ ಎರಡಕ್ಕೂ ಒಂದೇ ಥರ ಬರುತ್ತದೆ. ಅದಕ್ಕೇ ನನಗೆ ರಾತ್ರಿ ನಿದ್ದೆ ಬರಲಿಲ್ಲ, ಇಪ್ಪತ್ತೊಂದೂವರೆ ಸಾವಿರಕ್ಕಲ್ಲ. ಬೆಳಿಗ್ಗೆ ಎದ್ದು ಆ ಕಂಪನಿಯ ವೆಬ್‌ಸೈಟಿನಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ರಿಸೆಪ್ಷನ್ ಹುಡುಗಿಗೆ ನಾನು ಹೇಳಿದ್ದು ತಲೆಬುಡ ತಿಳಿಯಲಿಲ್ಲ, ಆದರೆ ಐಟಿಯವರ ಇಮೇಲ್ ಕೊಟ್ಟಳು. ಸೀರಿಯಲ್ ನಂಬರ್, ಪರದೆಯ ಫೋಟೋ, ನನ್ನ ಆ ಬಡ ಬಿಲ್ಲಿನ ಪ್ರತಿ ಹಚ್ಚಿ ಬರೆದೆ. ಉತ್ತರ ಬರಲಿಲ್ಲ.

ಮೂರನೇ ದಿನ ಎಸ್‌.ಪಿ. ರೋಡಿಗೆ ಮತ್ತೆ ಹೋದೆ.

ಅಂಗಡಿಯ ಯಜಮಾನರು ಫೋಟೋ ನೋಡಿ ಸ್ವಲ್ಪವೂ ಗಾಬರಿಯಾಗಲಿಲ್ಲ. "ಏನೂ ಆಗಿಲ್ಲ ಮೇಡಂ. ನೆಟ್ ಇಲ್ದೆ ಇನ್‌ಸ್ಟಾಲ್ ಮಾಡ್ಕೊಡ್ತೀವಿ, ಆಮೇಲೆ ನೆಟ್ ಹಾಕ್ಕೊಳ್ಳಿ. ಹತ್ತು ನಿಮಿಷದ ಕೆಲಸ."

"ಮತ್ತೆ ರೀಸೆಟ್ ಮಾಡಿದ್ರೆ?"

"ಯಾಕೆ ಮಾಡ್ತೀರಾ ಮೇಡಂ?"

ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಅಷ್ಟು ಸಮಾಧಾನವಾಗಿ ಕೇಳಿದರು. ವಿಂಡೋಸ್ ಹೋಮ್ ಹಾಕಿದರೆ ಈ ಪರದೆ ಬರುವುದಿಲ್ಲ, ಅದನ್ನಾದರೂ ಹಾಕಿಕೊಡುತ್ತೇವೆ ಅಂತಲೂ ಹೇಳಿದರು. ಅದು ನಿಜವೇ, ಆಟೋಪೈಲಟ್ ನಡೆಯುವುದು ಪ್ರೊ ಮತ್ತು ಅದಕ್ಕಿಂತ ಮೇಲಿನ ಆವೃತ್ತಿಯಲ್ಲಿ. ಆದರೆ ಬೇರೆಯವರ ಪಟ್ಟಿಯಲ್ಲಿರುವ ವಸ್ತುವನ್ನು ಬೇಲಿ ಹಾರಿ ಬಳಸಿಕೊಂಡಿರಮ್ಮ ಅಂತ ಹದಿನೆಂಟು ವರ್ಷದ ಹುಡುಗಿಗೆ ಹೇಗೆ ಕೊಡಲಿ? ದುಡ್ಡು ವಾಪಸ್ ಕೊಡಿ ಅಂದೆ. ಗೋಡೆಯ ಮೇಲಿದ್ದ ಬೋರ್ಡ್ ತೋರಿಸಿದರು: ಮಾರಿದ ಮಾಲು ವಾಪಸ್ ಇಲ್ಲ. ಅಷ್ಟರಲ್ಲಿ ಕಾಫಿ ಬಂತು. ಒಂದು ಗಂಟೆ ಮಾತಾದ ಮೇಲೆ ಎಕ್ಸ್‌ಚೇಂಜಿಗೆ ಒಪ್ಪಿದರು. ಅದೇ ಬೆಲೆಗೆ ಟಿ480, ಹದಿನಾರು ಜಿಬಿ, 256 ಜಿಬಿ ಎಸ್‌ಎಸ್‌ಡಿ.

"ಸರಿ, ಇದನ್ನ ಇಲ್ಲೇ ಪೂರ್ತಿ ಅಳಿಸಿ. ನನ್ನ ಫೋನಿನ ಹಾಟ್‌ಸ್ಪಾಟ್ ಕೊಡ್ತೀನಿ" ಅಂದೆ.

ಅಂಗಡಿಯ ಹುಡುಗ ಯಜಮಾನರ ಮುಖ ನೋಡಿದ. ಯಜಮಾನರು ಗಡಿಯಾರ ನೋಡಿದರು. ನಾನು ಸ್ಟೂಲ್ ಎಳೆದುಕೊಂಡು ಕೂತೆ.

ಮೊದಲು ಅದು ಪ್ರೊ ಹೌದೇ ಅಂತ ಸೆಟ್ಟಿಂಗ್ಸ್‌ನ "ಅಬೌಟ್"ನಲ್ಲಿ ನೋಡಿದೆ. ಹೋಮ್ ಇದ್ದರೆ ಈ ಪರೀಕ್ಷೆಯೇ ದಂಡ, ಲಾಕ್ ಇದ್ದರೂ ಕಾಣುವುದಿಲ್ಲ. ರೀಸೆಟ್ ಮುಗಿಯಲು ನಲವತ್ತು ನಿಮಿಷ ಹಿಡಿಯಿತು. ಆ ಹೊತ್ತಿನಲ್ಲಿ ಇಬ್ಬರು ಗಿರಾಕಿಗಳು ಬಂದು, ನಾನು ಏನು ಮಾಡುತ್ತಿದ್ದೇನೆ ಅಂತ ಕೇಳಿ, ತಾವೂ ಕುತೂಹಲದಿಂದ ನಿಂತರು. ಯಜಮಾನರಿಗೆ ಇದು ಇಷ್ಟವಾಗಲಿಲ್ಲ. ದೇಶ, ಕೀಬೋರ್ಡ್, ನನ್ನ ಹಾಟ್‌ಸ್ಪಾಟ್. ಚಕ್ರ ತಿರುಗುವಾಗ ಎಸ್‌ಎಸ್‌ಎಲ್‌ಸಿ ರಿಸಲ್ಟ್ ನೋಡುವವಳ ಹಾಗೆ ಕೂತಿದ್ದೆ. ಕೊನೆಗೆ ಬಂದದ್ದು: ಇದನ್ನು ಸ್ವಂತಕ್ಕೆ ಬಳಸುತ್ತೀರೋ, ಕೆಲಸ ಅಥವಾ ಶಾಲೆಗೋ? ಇಷ್ಟು ಚಂದದ ಪ್ರಶ್ನೆಯನ್ನು ವಿಂಡೋಸ್ ನನಗೆ ಯಾವತ್ತೂ ಕೇಳಿರಲಿಲ್ಲ. ಮಿಷಿನ್ ನಿಮ್ಮನ್ನು ಹೀಗೆ ಕೇಳಿತು ಅಂದರೆ, ನೀನು ಇಂಥವರವನು ಅಂತ ಅದಕ್ಕೆ ಯಾರೂ ಹೇಳಲಿಲ್ಲ ಅಂತ ಅರ್ಥ.

ಹಾಗಂತ ನೂರಕ್ಕೆ ನೂರು ಅಲ್ಲ ಅನ್ನುತ್ತಾನೆ ನಮ್ಮ ಹುಡುಗ. ಪಟ್ಟಿಯಲ್ಲಿ ಹೆಸರಿದ್ದೂ ಅದಕ್ಕೆ ಕಂಪನಿಯವರು ಪ್ರೊಫೈಲ್, ಅಂದರೆ ಸೆಟಪ್ ಹೇಗಾಗಬೇಕು ಅನ್ನುವ ಸೂಚನೆ, ಹಚ್ಚಿರದಿದ್ದರೆ ಪರದೆ ಬರದೆಯೂ ಇರಬಹುದು. ಅದಕ್ಕೆ ಈ ಸಲ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ, ಕೆಳಗೆ ಕನ್ನಡದಲ್ಲೇ "ಕಂಪನಿ ಲಾಕ್ ಬಂದರೆ ಪೂರ್ತಿ ಹಣ ವಾಪಸ್" ಅಂತ ಬರೆಸಿ ಸೀಲ್ ಹಾಕಿಸಿಕೊಂಡೆ. ಸೀಲ್ ಹಾಕುವಾಗ ಯಜಮಾನರು "ನೀವು ಲಾಯರ್ರಾ ಮೇಡಂ?" ಅಂದರು.

ಹೊರಡುವ ಮುಂಚೆ ಇನ್ನೆರಡು ನೋಡಿದೆ. ಆನ್ ಮಾಡುತ್ತಲೇ ಎಫ್1 ಒತ್ತಿ ಬಯಾಸ್, ಅಂದರೆ ವಿಂಡೋಸ್‌ಗಿಂತ ಮೊದಲೇ ಏಳುವ ಮಿಷಿನ್ನಿನ ಸ್ವಂತ ಸೆಟ್ಟಿಂಗ್ಸ್, ತೆರೆಸಿದೆ. ಪಾಸ್‌ವರ್ಡ್ ಕೇಳಲಿಲ್ಲ. ಥಿಂಕ್‌ಪ್ಯಾಡಿನಲ್ಲಿ ಇದು ಮುಖ್ಯ: ಹಳೆ ಆಫೀಸಿನವರ ಸೂಪರ್‌ವೈಸರ್ ಪಾಸ್‌ವರ್ಡ್ ಉಳಿದಿದ್ದರೆ, ಲೆನೋವೋ ಹೇಳುವ ದಾರಿ ಬೋರ್ಡ್ ಬದಲಿಸುವುದೇ. ಅಲ್ಲೇ ಸೆಕ್ಯೂರಿಟಿ ಅನ್ನುವಲ್ಲಿ "ಆಬ್ಸಲ್ಯೂಟ್ ಪರ್ಸಿಸ್ಟೆನ್ಸ್" ಅಂತ ಒಂದು ಸಾಲು ಇರುತ್ತದೆ. ಹಿಂದೆ ಅದಕ್ಕೆ ಕಂಪ್ಯೂಟ್ರೇಸ್ ಅನ್ನುತ್ತಿದ್ದರು. ಕಳೆದುಹೋದ ಮಿಷಿನ್ ಹುಡುಕಲು, ದೂರದಿಂದ ಲಾಕ್ ಮಾಡಲು ಕಂಪನಿಗಳು ಇಟ್ಟುಕೊಳ್ಳುವ ವ್ಯವಸ್ಥೆ, ವಿಂಡೋಸ್ ಅಳಿಸಿದರೂ ಬಯಾಸಿನಿಂದ ಮತ್ತೆ ಎದ್ದು ಬರುತ್ತದೆ. ಹಳೆ ಯಜಮಾನ ಅದನ್ನು ಚಾಲೂ ಮಾಡಿಟ್ಟಿದ್ದರೆ ಅಂಥ ಮಿಷಿನ್ ಬೇಡವೇ ಬೇಡ.

ಪಕ್ಕದವರು ಒಂದು ಮ್ಯಾಕ್‌ಬುಕ್ ಏರ್ ಕೂಡ ತೋರಿಸಿದ್ದರು. ಅದರಲ್ಲೂ ಇದೇ ರೋಗ, ಹೆಸರು ಬೇರೆ. ಅಳಿಸಿ ನೆಟ್ ಕೊಟ್ಟಾಗ "ರಿಮೋಟ್ ಮ್ಯಾನೇಜ್‌ಮೆಂಟ್" ಅಂತ ಪರದೆ ಬಂದು ಕಂಪನಿಯ ಹೆಸರು ಹೇಳಿದರೆ, ಅದು ಆಪಲ್‌ನವರು ಕಂಪನಿಗಳಿಗೆ ಇಟ್ಟಿರುವ ಪಟ್ಟಿಯಲ್ಲಿ ಇನ್ನೂ ಅವರ ಹೆಸರಲ್ಲೇ ಇದೆ ಅಂತ. ಹಳೆ ಮಾಲೀಕರ ಆಪಲ್ ಅಕೌಂಟ್ (ಹಿಂದೆ ಆಪಲ್ ಐಡಿ ಅನ್ನುತ್ತಿದ್ದರು) ಕೇಳುವ ಆಕ್ಟಿವೇಷನ್ ಲಾಕ್ ಬೇರೆ ತೊಂದರೆ, ಎರಡನ್ನೂ ಒಂದೇ ಅಂತ ಅಂಗಡಿಯವರು ಕಲಸಿಬಿಡುತ್ತಾರೆ. ಕ್ರೋಮ್‌ಬುಕ್ಕುಗಳಲ್ಲೂ ಹೀಗೆಯೇ ಸಂಸ್ಥೆಗೆ ವಾಪಸ್ ಎಳೆದುಕೊಳ್ಳುವ ವ್ಯವಸ್ಥೆ ಇದೆ.

ಇನ್ನು ಟಿ480. 2018ರ ಮಿಷಿನ್, ಹದಿನಾಲ್ಕು ಇಂಚು, ನೋಡಲು ಕಪ್ಪು ಇಟ್ಟಿಗೆ. ಮಗಳಿಗೆ ಹಳೆಯ ಬೆಳ್ಳಿ ಬಣ್ಣದ್ದೇ ಚೆಂದ. ಆದರೆ ಕೀಬೋರ್ಡ್! ಮೂವತ್ತು ವರ್ಷದಿಂದ ಟೈಪ್ ಮಾಡುತ್ತಿರುವ ಕೈ ಇದು, ಸುಮ್ಮನೆ ಹೊಗಳುವುದಿಲ್ಲ. ಕೀಲಿ ಒಳಗೆ ಹೋಗಿ ಬರುವುದು ಬೆರಳಿಗೆ ಗೊತ್ತಾಗುತ್ತದೆ. ನುಡಿಯಲ್ಲಿ ಒತ್ತಕ್ಷರ ಹೊಡೆಯುವಾಗ ಒಂದೂ ತಪ್ಪಲಿಲ್ಲ. ಒಂದೇ ಸಿಟ್ಟು, ಎಡಗಡೆ ಮೂಲೆಯಲ್ಲಿ ಕಂಟ್ರೋಲ್ ಇರಬೇಕಾದ ಜಾಗದಲ್ಲಿ ಎಫ್‌ಎನ್ ಕೂತಿದೆ. ಕಾಪಿ ಅಂತ ಒತ್ತಿದರೆ ಕಾಪಿ ಆಗುವುದಿಲ್ಲ. ಬಯಾಸಿನಲ್ಲಿ ಎರಡನ್ನೂ ಅದಲುಬದಲು ಮಾಡುವ ಆಯ್ಕೆ ಇದೆ, ಮಾಡಿಕೊಟ್ಟೆ.

ಇದಕ್ಕೆ ಎರಡು ಬ್ಯಾಟರಿ, ಒಂದು ಒಳಗೆ, ಇನ್ನೊಂದು ಹಿಂದೆ ಕೈಯಲ್ಲೇ ತೆಗೆದು ಹಾಕುವಂಥದ್ದು. ಮಿಷಿನ್ ಆನ್ ಇರುವಾಗಲೇ ಹಿಂದಿನದನ್ನು ಬದಲಿಸಬಹುದು. ಬ್ಯಾಟರಿ ರಿಪೋರ್ಟ್ ತೆಗೆದು ನೋಡಿದರೆ, 24 ವ್ಯಾಟ್-ಅವರಿನದರಲ್ಲಿ ಒಳಗಿನದು 19 ಉಳಿಸಿಕೊಂಡಿತ್ತು, ಹೊರಗಿನದು 14. ಕಾಲೇಜಿನಲ್ಲಿ ಮೂರೂವರೆ ಗಂಟೆ ಬರುತ್ತದೆ. ರ‍್ಯಾಮಿಗೆ ಎರಡು ಸ್ಲಾಟ್ ಇದೆ, ನೆಟ್‌ವರ್ಕ್ ವೈರ್ ಹಾಕಲು ಅಗಲವಾದ ಕಿಂಡಿಯೂ ಇದೆ. ಕೊಳ್ಳುವವರು ಎರಡು ವಿಷಯ ನೋಡಿಕೊಳ್ಳಿ. ಇದೇ ಮಾಡೆಲ್‌ನಲ್ಲಿ ಫುಲ್ ಎಚ್‌ಡಿ ಅಲ್ಲದ, 1366×768ರ ಮಂಕು ಸ್ಕ್ರೀನೂ ಬಂದಿದೆ, ಅದನ್ನು ಬೇಡ ಅನ್ನಿ. ಮತ್ತೆ ಹಳೆಯ ಥಂಡರ್‌ಬೋಲ್ಟ್ ಫರ್ಮ್‌ವೇರ್ (ಆ ಕಿಂಡಿಯನ್ನು ನಡೆಸುವ ಒಳಗಿನ ಸಾಫ್ಟ್‌ವೇರ್) ಇದ್ದರೆ ಚಾರ್ಜ್ ಆಗುವ ಟೈಪ್-ಸಿ ಕಿಂಡಿಯೇ ಕೈಕೊಡಬಹುದು. ಲೆನೋವೋ ಅದಕ್ಕೆ ಅಪ್‌ಡೇಟ್ ಬಿಟ್ಟಿದೆ, ತಂದ ದಿನವೇ ಹಾಕಿಸಿ. ಸ್ಪೀಕರ್ ಮಾತ್ರ ಬಾವಿಯೊಳಗಿಂದ ಮಾತಾಡಿದ ಹಾಗೆ. ಒಂದು ಸ್ಟಾರ್ ಕಡಿಮೆಯಾದದ್ದು ಅದಕ್ಕೂ ತೂಕಕ್ಕೂ.

ಬದಲಾಯಿಸಿಕೊಂಡು ಬಂದ ಹನ್ನೊಂದನೇ ದಿನ ಒಂದು ಮೇಲ್ ಬಂತು. ಆ ಕಂಪನಿಯ ಐಟಿಯವರದು. ಆ ಸೀರಿಯಲ್ ನಂಬರಿನ ಲ್ಯಾಪ್‌ಟಾಪನ್ನು ತಾವು ವಿಲೇವಾರಿಗೆ ಕೊಟ್ಟದ್ದು ನಿಜ, ದಾಖಲೆಯಿಂದ ತೆಗೆಯುವುದು ತಪ್ಪಿಹೋಗಿತ್ತು, ಈಗ ತೆಗೆದಿದ್ದೇವೆ, ತೊಂದರೆಗೆ ಕ್ಷಮಿಸಿ ಅಂತ. ಕಳ್ಳಮಾಲಲ್ಲ ಅಂತ ಗೊತ್ತಾಗಿ ಎದೆಯ ಭಾರ ಇಳಿಯಿತು. ಪಾಪ, ಅಂಗಡಿಯವರಿಗೂ ತಿಳಿಸೋಣ ಅಂತ ಫೋನ್ ಮಾಡಿದೆ.

"ಒಳ್ಳೇದಾಯ್ತು ಬಿಡಿ ಮೇಡಂ" ಅಂದರು ಯಜಮಾನರು. "ಅದನ್ನ ಹೋದ ವಾರಾನೇ ಮಾರಿಬಿಟ್ಟೆ."